ತಾಟೆಯ ಹೇನಿಗೆ ಇಟ್ಟ ಹೆಸರು

ಸತ್ತುಹೋದ ಮಗು ಬದುಕಿದ್ದರೆ ಈಗ ಹೇಗೆ ಕಾಣುತ್ತಿತ್ತು ಎಂದು ತೋರಿಸುವ ಆ ಕನ್ನಡಿಯನ್ನು ಯಾರೂ ಆ ಕೆಲಸಕ್ಕೆಂದು ಮಾಡಿದ್ದಲ್ಲ. ಅದನ್ನು ಮಾಡಿದ್ದು ಹೇನುಗಳಿಗಾಗಿ. ತಲೆಯ ಹೇನಲ್ಲ, ತಾಟೆ ಮೀನಿನ ಹೇನು. ಪೇಟೆಯವರು ಶಾರ್ಕ್ ಎನ್ನುವ ಮೀನಿಗೆ ಹೊಳೆಕೋಡಿಯ ಕಡೆ ತಾಟೆ ಎನ್ನುತ್ತಾರೆ. ಕುಂದಾಪುರದಿಂದ ಬಡಗು ದಿಕ್ಕಿಗೆ ಹೋದರೆ ಹೊಳೆ ಕಡಲಿಗೆ ಸೇರುವಲ್ಲಿ ಮರಳಿನ ನಾಲಗೆಯೊಂದು ಚಾಚಿಕೊಂಡಿದೆ, ಅದೇ ಹೊಳೆಕೋಡಿ. ಅಲ್ಲಿಯ ಬಂದರಿನಲ್ಲಿ ಒಂದು ಕಾಲಕ್ಕೆ ತಾಟೆಗಳನ್ನು ಸೌದೆ ಒಟ್ಟಿದಂತೆ ಒಟ್ಟುತ್ತಿದ್ದರು. ಬಾಣಂತಿಗೆ ಹಾಲು ಇಳಿಯಲಿ ಎಂದು ತಾಟೆಯ ಮರಿ ತಂದು ಸಾರು ಮಾಡಿ ಉಣಿಸುತ್ತಿದ್ದರು. ಆಮೇಲೆ ತಾಟೆ ಕಡಿಮೆಯಾಯಿತು, ಆಮೇಲೆ ಅಪರೂಪವಾಯಿತು, ಆಮೇಲೆ ಹಿಡಿಯಬಾರದೆಂದು ಕಾನೂನು ಬಂತು. ಕಾನೂನು ಬರುವ ಹೊತ್ತಿಗೆ ಹಿಡಿಯಲು ಉಳಿದಿರಲೂ ಇಲ್ಲ.

ತಾಟೆ ಹೋದರೂ ತಾಟೆಯ ಹೇನು ಮಾತ್ರ ಸೀಸೆಗಳಲ್ಲಿ ಉಳಿಯಿತು. ಆ ಸೀಸೆಗಳ ಕಾವಲಿಗೆ ವಾರಿಜ ಉಳಿದಳು.

ಬಂದರಿನ ಆಚೆ, ಐಸ್ ಕಾರ್ಖಾನೆಯ ಹಿಂದೆ ಕಡಲ ಜೀವಿಗಳ ಪ್ರಯೋಗಾಲಯ ಒಂದಿತ್ತು. ಕಡಲಿಗೆ ಹೋಗುವವರ ಮನೆಯಲ್ಲಿ ಹುಟ್ಟಿ, ಓದಿ, ಡಾಕ್ಟರ್ ಎಂದು ಹೆಸರಿನ ಹಿಂದೆ ಬರೆಸಿಕೊಂಡು ವಾರಿಜ ಅಲ್ಲಿ ಕೆಲಸಕ್ಕೆ ಸೇರಿದಾಗ ಊರವರಿಗೆ ಹೆಮ್ಮೆಯೂ ಆಯಿತು, ನಗೆಯೂ ಬಂತು. ಸೂಜಿಯ ಮೊನೆಯಿಂದ ತಾಟೆಯ ಕಿವಿರು ಬಿಡಿಸಿ, ಎಳ್ಳಿಗಿಂತ ಸಣ್ಣ ಜೀವಗಳನ್ನು ಹೆಕ್ಕಿ, ಕಾಲೆಷ್ಟು, ಕಾಲಿನ ಮುಳ್ಳೆಷ್ಟು ಎಂದು ನೋಡಿ ಬರೆಯುವ ಕೆಲಸ ಅದು. ಪುಸ್ತಕದವರು ಅವುಗಳನ್ನು ಕೋಪಿಪಾಡ್ ಎನ್ನುತ್ತಾರೆ. ವಾರಿಜಳ ಗಂಡ ಸುರೇಂದ್ರನ ಅಕ್ಕ ಗಿರಿಜೆ ಮದುವೆಮನೆಯಲ್ಲಿ ಹತ್ತು ಜನರ ನಡುವೆ ಹೇಳಿದ್ದು ಊರಲ್ಲೆಲ್ಲ ಹಬ್ಬಿತ್ತು: "ನಮ್ಮ ವಾರಿಜಂಗೆ ನಮ್ಮನಿ ಮಕ್ಕಳ್ ತಲಿ ಹೇನ್ ತೆಗುಕೆ ಪುರ್ಸೊತ್ತಿಲ್ಲ. ತಾಟಿ ಹೇನ್ ಆರೆ ಹೆಕ್ಕಿ ಹೆಕ್ಕಿ ನಾಮಕರಣ ಮಾಡ್ತ್." ವಾರಿಜಳೂ ನಕ್ಕಿದ್ದಳು. ಆಗ ಅವಳಿಗೆ ಮಗ ಹುಟ್ಟಿರಲಿಲ್ಲ.

ಮಗ ಹುಟ್ಟಿದ. ನಂದನ ಎಂದು ಹೆಸರಿಟ್ಟರು. ನಾಲ್ಕು ವರ್ಷದವನಿದ್ದಾಗ ಒಂದು ಮಳೆಗಾಲ ಜ್ವರ ತಲೆಗೇರಿ ಹೋಗಿಬಿಟ್ಟ.

ಆ ಮುಂದಿನ ವರ್ಷ, ಬಂದರಿಗೆ ಬಂದ ಕೊನೆಕೊನೆಯ ತಾಟೆಗಳಲ್ಲೊಂದರ ಕಿವಿರಿನಲ್ಲಿ ವಾರಿಜಳಿಗೆ ಅದುವರೆಗೆ ಯಾರೂ ಬರೆದಿಡದ ಒಂದು ಹೇನು ಸಿಕ್ಕಿತು. ಬಲು ಸಣ್ಣದು. ಅದರ ಹತ್ತಿರದ ಜಾತಿಗಳ ಹೆಣ್ಣುಗಳೆಲ್ಲ ಹಿಂದೆ ಎರಡು ಉದ್ದನೆಯ ಮೊಟ್ಟೆದಾರಗಳನ್ನು ಇಳಿಬಿಟ್ಟುಕೊಂಡಿರುತ್ತವೆ, ಇದಕ್ಕೆ ಅದಿರಲಿಲ್ಲ. ಹಣೆಯ ನಡುವೆ ಮಾತ್ರ ಒಂದು ಸಣ್ಣ ಗುಂಡನೆಯ ಗುರುತು, ದೃಷ್ಟಿಬೊಟ್ಟು ಇಟ್ಟ ಹಾಗೆ. ಈ ಗುರುತೇ ಈ ಜಾತಿಯ ಲಕ್ಷಣ ಎಂದು ವಾರಿಜ ಬರೆದಳು. ಹೊಸ ಜಾತಿ ಕಂಡವರು ಹೆಸರಿಡಬೇಕು, ಅದು ಆ ಕಸುಬಿನ ಕ್ರಮ. ಅವಳು ಮಗನ ಹೆಸರಿಟ್ಟಳು. ಲ್ಯಾಟಿನ್ನಿನ ಬಾಲ ಅಂಟಿ ಅದು 'ನಂದನಿ' ಆಯಿತು. ಲೋಕದ ಯಾವ ಮೂಲೆಯಲ್ಲಿ ಯಾರು ತಾಟೆಯ ಹೇನುಗಳ ಪಟ್ಟಿ ತೆಗೆದರೂ ಅದರಲ್ಲಿ ಅವನಿರುತ್ತಾನೆ. ಅದನ್ನು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ. ಗಂಡನಿಗೆ ಅಚ್ಚಾದ ಹಾಳೆ ತೋರಿಸಿದಳು. ಸುರೇಂದ್ರ ಅದರ ಮೇಲೆ ಕೈಯಾಡಿಸಿ, ಮಡಚಿ, ದೇವರ ಪಟದ ಹಿಂದೆ ಇಟ್ಟ.

ಇಷ್ಟು ಹಳೆಯ ಕಥೆ. ಇನ್ನು ಕನ್ನಡಿಯ ಕಥೆ.

ಹೇನಿನ ಮರಿಗೂ ಬೆಳೆದ ಹೇನಿಗೂ ಹೋಲಿಕೆಯೇ ಇರುವುದಿಲ್ಲ. ಒಂದೊಂದು ಸಲ ಪೊರೆ ಕಳಚಿದಾಗಲೂ ಬೇರೆಯೇ ಜೀವವಾಗಿ ಹೊರಬರುತ್ತದೆ. ಹಾಗಾಗಿ ಹಿಂದಿನವರು ಒಂದೇ ಜೀವದ ಮರಿಗೊಂದು, ಗಂಡಿಗೊಂದು, ಹೆಣ್ಣಿಗೊಂದು ಹೆಸರಿಟ್ಟು ಪುಸ್ತಕ ತುಂಬಿಸಿದ್ದರು. ಈ ಗೋಜಲು ಬಿಡಿಸಲೆಂದು ಪ್ರಯೋಗಾಲಯದಲ್ಲೇ ಹುಟ್ಟಿದ ಯಂತ್ರ ಅದು. ಭಟ್ಕಳದ ತಸ್ನೀಮ್ ಎಂಬ ಎಂಜಿನಿಯರ್ ಹುಡುಗಿ ಅದನ್ನು ವರ್ಷಗಟ್ಟಲೆ ಕೂತು ಮಾಡಿದಳು. ಪ್ರತಿ ಜೀವದ ಒಳಗೂ ತಾನು ಮುಂದೆ ಏನಾಗಬೇಕೆಂಬ ಅಪ್ಪಣೆ ಬರೆದಿರುತ್ತದಂತೆ. ಸತ್ತು ಎಷ್ಟು ಕಾಲವಾದರೂ, ಸೀಸೆಯ ಮದ್ದಿನಲ್ಲಿ ನೆನೆದಿದ್ದರೂ, ಚೂರು ಸಿಕ್ಕಿದರೆ ಸಾಕು, ಯಂತ್ರ ಆ ಅಪ್ಪಣೆಯನ್ನು ಓದಿ, ಪೊರೆಯ ನಂತರ ಪೊರೆ, ಆ ಜೀವ ಹೇಗೆ ಬೆಳೆಯುತ್ತಿತ್ತೋ ಹಾಗೆ ಚಿತ್ರ ಬಿಡಿಸುತ್ತದೆ. ಯಾವ ಅಡ್ಡಿಯೂ ಬರದಿದ್ದರೆ ಹೀಗೆ ಎಂದು. ಅದಕ್ಕೆ ಏನೋ ಉದ್ದದ ಇಂಗ್ಲಿಷ್ ಹೆಸರಿತ್ತು. ಊರವರು ಬೆಳೆಗನ್ನಡಿ ಎಂದರು.

ಊರವರಿಗೆ ಅದರ ಸುದ್ದಿ ಏಕೆ ಬೇಕಾಯಿತು ಎಂದರೆ, ಆ ಕರಾವಳಿಯಲ್ಲಿ ಒಂದು ನಂಬಿಕೆ ಇದೆ. ಎಳವೆಯಲ್ಲಿ ಹೋದ ಮಕ್ಕಳು ಅಲ್ಲಿಯೂ ಬೆಳೆಯುತ್ತವೆ. ಪ್ರಾಯಕ್ಕೆ ಬರುತ್ತವೆ. ಆಗ ಅವಕ್ಕೆ ಮದುವೆ ಮಾಡಬೇಕು. ಗಂಡಿನ ಮನೆಯವರು ಹಾಗೆಯೇ ಎಳವೆಯಲ್ಲಿ ಹೋದ ಹೆಣ್ಣನ್ನು ಹುಡುಕಿ, ಕುಲದ ಬಳಿ ಯಾವುದೆಂದು ವಿಚಾರಿಸಿ, ವೀಳ್ಯ ಬದಲಿಸಿ, ಎರಡು ಮಣೆ ಹಾಕಿ, ಒಂದರ ಮೇಲೆ ಪಂಚೆ ಒಂದರ ಮೇಲೆ ಸೀರೆ ಇಟ್ಟು ಧಾರೆ ಎರೆಯುತ್ತಾರೆ. ಪ್ರೇತಮದುವೆ ಎನ್ನುತ್ತಾರೆ. ಮಾಡದೇ ಬಿಟ್ಟರೆ ಮನೆಯಲ್ಲಿ ಬದುಕಿರುವ ಮಕ್ಕಳ ಮದುವೆಗೆ ಅಡ್ಡಿ ಬರುತ್ತದೆ ಎಂಬ ಹೆದರಿಕೆ.

ಮೊದಲು ಒಬ್ಬಳು ತಾಯಿ ಪ್ರಯೋಗಾಲಯದ ಗೇಟಿಗೆ ಮಗಳ ಹುಟ್ಟುಗೂದಲು ಹಿಡಿದು ಬಂದಳು. ಆಗದು ಎಂದು ಕಳಿಸಿದರು. ಆಮೇಲೆ ದಿನಾ ಜನ ಬಂದರು. ಕಡೆಗೆ ಪೇಟೆಯಲ್ಲಿ ಒಬ್ಬ ಅಂಥದೇ ಕನ್ನಡಿ ತರಿಸಿ ಅಂಗಡಿ ತೆರೆದ. ಹಾಲುಹಲ್ಲು, ಕೂದಲು, ಒಣಗಿದ ಹೊಕ್ಕುಳಬಳ್ಳಿ, ಏನಿದ್ದರೂ ಆದೀತು. ಪ್ರೇತಮದುವೆಯ ಸಂಬಂಧ ನೋಡುವವರು ಈಗ ಪಟ ಕೇಳತೊಡಗಿದರು. ಪಟ ನೋಡಿ, ಹೆಣ್ಣು ಕಪ್ಪೆಂದು ಒಲ್ಲೆ ಅಂದವರೂ ಇದ್ದರು. ಬೋಟು ನಡೆಸುವ ತಾಂಡೇಲನೊಬ್ಬ ಮಗನ ಪಟವನ್ನು ಕಟ್ಟಿಕೊಂಡು ಕಡಲಿಗೆ ಹೋಗಿ, ಬಲೆ ಬಿಡುವುದನ್ನು ಮರೆತು ನೋಡುತ್ತ ಕೂತನಂತೆ. ಒಬ್ಬಳು ಪಟ ತಂದ ದಿನವೇ ಹರಿದು ಒಲೆಗೆ ಹಾಕಿದಳು.

ವಾರಿಜ ಮಾತ್ರ ಇದಕ್ಕೆಲ್ಲ ಒಪ್ಪಿರಲಿಲ್ಲ.

ಗಿರಿಜೆಯ ಮಗಳಿಗೆ ಎರಡು ಸಂಬಂಧ ಬಂದು ಎರಡೂ ಮುರಿದಿದ್ದವು. ಎರಡನೆಯದಂತೂ ಚಪ್ಪರದ ಮಾತು ಆದಮೇಲೆ. ಗಿರಿಜೆ ಮೈಮೇಲೆ ದೈವ ಬರುವ ದರ್ಶನದ ಪಾತ್ರಿಯನ್ನು ಕೇಳಿಸಿದಳು. ತಮ್ಮನ ಮನೆಯಲ್ಲಿ ಒಂದು ಗಂಡು ಕಾದು ಕೂತಿದೆ ಎಂದು ನುಡಿ ಬಂತು. ತ್ರಾಸಿಯ ಕಡೆ ಒಂದು ಮನೆಯೂ ಗೊತ್ತಾಯಿತು. ಅವರ ಹೆಣ್ಣುಮಗು ತೊಟ್ಟಿಲಿಗೆ ಹಾಕುವ ಮೊದಲೇ ಹೋದದ್ದು, ಹೆಸರು ಸಹ ಇಟ್ಟಿರಲಿಲ್ಲ. ಸಂಬಂಧದ ಮಾತು ಬಂದಮೇಲೆ ಕನಕ ಎಂದು ಹೆಸರಿಟ್ಟು, ಪಟ ತೆಗೆಸಿ ಕಳಿಸಿದ್ದರು. ಅದನ್ನು ಹಿಡಿದುಕೊಂಡೇ ಗಿರಿಜೆ ಒಂದು ಭಾನುವಾರ ಬಂದು ಜಗಲಿಯಲ್ಲಿ ಕೂತಳು. ವಾರಿಜ ಪಟ ನೋಡಲೂ ಇಲ್ಲ. ಅವನು ಇನ್ನೂ ಮಗು, ಅವನಿಗೆಂಥ ಮದುವೆ ಎಂದುಬಿಟ್ಟಳು. ಮೀನು ಹೆಚ್ಚುತ್ತಿದ್ದವಳು ಕೈ ನಿಲ್ಲಿಸದೆಯೇ ಹೇಳಿದ್ದು.

ಗಿರಿಜೆಗೆ ಸಿಟ್ಟು ಬಂದಿರಬೇಕು, ಆದರೆ ದನಿ ಏರಲಿಲ್ಲ.

"ಅವ ಅಲ್ಲಿಯೂ ಸಣ್ಣವ್ನಾಯೇ ಇದ್ದ ಅಂದೇಳಿ ಮಾಡಿದ್ಯಾ? ಅಲ್ಲಿಯೂ ಮಳಿ ಬತ್ತ್, ಬಿಸ್ಲ್ ಬತ್ತ್, ವರ್ಷ ಆತ್ತ್. ಇಪ್ಪತ್ತಾರ್ ವರ್ಷದ ಗಂಡ್ ಅವ ಈಗ. ನೀನ್ ಬಿಟ್ರೆ ಅಲ್ದಾ ಅವ ದೊಡ್ಡಾಪ್ದ್?"

ಗಿರಿಜೆ ಪಟವನ್ನು ಅಲ್ಲೇ ಬಿಟ್ಟು ಹೋದಳು. ರಾತ್ರಿ ಊಟದ ಹೊತ್ತಿಗೆ ಸುರೇಂದ್ರ ಅಪರೂಪಕ್ಕೆ ಬಾಯಿ ಬಿಟ್ಟ. ಅವನೆಂದೂ ಹೆಂಡತಿಗೆ ಎದುರಾಡಿದವನಲ್ಲ. ತಟ್ಟೆ ನೋಡುತ್ತಲೇ ಹೇಳಿದ.

"ನಿಂಗೆ ಅವ ಪುಸ್ತಕ್ದಗೆ ಇದ್ದ. ನಂಗೆ ಎಲ್ಲಿದ್ದ?"

ಆ ಮಾತು ವಾರಿಜಳಿಗೆ ಒಳಗೆಲ್ಲೋ ಕೂತಿತು. ಆದರೂ ಅವಳು ಅಲುಗಲಿಲ್ಲ. ಪುಸ್ತಕದಲ್ಲಿ ಇದ್ದಾನಲ್ಲ, ಅಷ್ಟು ಸಾಕು ಎನ್ನುವುದು ಅವಳ ಹಟ. ಅಲ್ಲಿ ಅವನಿಗೆ ಜ್ವರ ಬರುವುದಿಲ್ಲ, ವಯಸ್ಸಾಗುವುದಿಲ್ಲ.

ಅದೇ ದಿನಗಳಲ್ಲಿ ಪ್ರಯೋಗಾಲಯಕ್ಕೆ ಮೇಲಿನಿಂದ ಸುತ್ತೋಲೆ ಬಂತು. ಹಳೆಯ ಸೀಸೆಗಳನ್ನೆಲ್ಲ ಒಂದೊಂದಾಗಿ ಬೆಳೆಗನ್ನಡಿಗೆ ಕೊಟ್ಟು ಹೆಸರು ಸರಿಯಿದೆಯೇ ಎಂದು ನೋಡಬೇಕು. ತಾಟೆಗಳಿಲ್ಲ, ಇನ್ನು ಹೊಸ ಹೇನು ಸಿಗುವುದಿಲ್ಲ, ಇರುವ ಪಟ್ಟಿಯಾದರೂ ಚೊಕ್ಕವಾಗಿರಲಿ ಎಂದು. ವಾರಿಜ ಮತ್ತು ತಸ್ನೀಮ್ ಎದುರುಬದುರು ಕೂತು ಕೆಲಸ ಹಿಡಿದರು. ಒಂದೊಂದು ಹೇನಿನದೂ ಕಾಲಿನ ತುದಿ ಚೂರು ತೆಗೆದು ಕೊಡುವುದು, ಪರದೆಯ ಮೇಲೆ ಅದು ಪೊರೆ ಕಳಚುತ್ತ ಬೆಳೆಯುವುದನ್ನು ನೋಡುವುದು. ಹೆಚ್ಚಿನವು ಆಗಲೇ ಪೂರ್ತಿ ಬೆಳೆದ ಹೇನುಗಳು, ಕನ್ನಡಿ ಒಂದು ಚಿತ್ರ ತೋರಿಸಿ ಸುಮ್ಮನಾಗುತ್ತಿತ್ತು. ತಸ್ನೀಮ್ ಮಾತುಗಾತಿ. ಹೀಗೆ ಮುಂದಿನದು ಕಾಣುವುದಾಗಿದ್ದರೆ ನನ್ನ ಗಂಡನ ತಲೆಯನ್ನು ನಿಶ್ಚಯಕ್ಕೆ ಮೊದಲೇ ಕನ್ನಡಿಗೆ ಕೊಡುತ್ತಿದ್ದೆ, ಕೂದಲು ಎಲ್ಲಿಯವರೆಗೆ ಇರುತ್ತದೆಂದು ಗೊತ್ತಾಗುತ್ತಿತ್ತು ಎಂದು ನಗಿಸುತ್ತಿದ್ದಳು.

ನಂದನಿಯ ಸೀಸೆಯನ್ನು ವಾರಿಜ ತಾನೇ ತಂದಳು. ತಾನೇ ಚೂರು ತೆಗೆದುಕೊಟ್ಟಳು. ಕನ್ನಡಿ ಅವಳಿಗೆ ಗುರುತಿದ್ದ ಆ ಪುಟ್ಟ ಮೈಯನ್ನು ತೋರಿಸಿತು. ಹಣೆಯಲ್ಲಿ ಬೊಟ್ಟಿನಂಥ ಗುರುತು. ಇನ್ನು ನಿಲ್ಲಬೇಕಿತ್ತು.

ಕನ್ನಡಿ ನಿಲ್ಲಲಿಲ್ಲ. ಪುಟ್ಟ ಮೈಯ ಬೆನ್ನು ಬಿರಿಯಿತು. ಅದರೊಳಗಿನಿಂದ ಇನ್ನೊಂದು ಮೈ ಬಂತು, ಉದ್ದಕ್ಕೆ, ಅಗಲಕ್ಕೆ. ಮತ್ತೊಮ್ಮೆ ಬಿರಿಯಿತು. ಬೆನ್ನ ಮೇಲೆ ಹೆಂಚು ಹೊದಿಸಿದಂತೆ ಚಿಪ್ಪು, ಹಿಂದೆ ಎರಡು ಮೊಟ್ಟೆದಾರ, ಮೈಗಿಂತ ಉದ್ದ, ನೀರಿನಲ್ಲಿ ತೇಲಾಡುವ ಹಾಗೆ. ಹಣೆ ನುಣ್ಣಗಿತ್ತು. ಅಲ್ಲಿ ಗುರುತಿರಲಿಲ್ಲ.

ಇಬ್ಬರಿಗೂ ಆ ಬೆಳೆದ ಮೈ ಗೊತ್ತಿತ್ತು. ನೂರು ವರ್ಷಕ್ಕೂ ಹಿಂದೆ ಯಾರೋ ಪರದೇಶದವನು ಒಬ್ಬ ಹಡಗಿನ ವೈದ್ಯನ ಹೆಸರಿಟ್ಟ ಹೇನು ಅದು, ಪುಸ್ತಕದಲ್ಲಿ ಚಿತ್ರವಿತ್ತು.

ವಾರಿಜಳಿಗೆ ಆ ಗುರುತು ಏನೆಂದು ಆಗ ತಿಳಿಯಿತು. ಈ ಹೇನುಗಳ ಮರಿ ತಾಟೆಯ ಮೈಗೆ ಹಣೆಯಿಂದ ಹೊರಟ ಒಂದು ನೂಲಿನಿಂದ ಅಂಟಿಕೊಂಡಿರುತ್ತದೆ. ಬೆಳೆದು ಕಾಲಿಗೆ ಹಿಡಿತ ಬಂದಮೇಲೆ ಆ ನೂಲು ಕಳಚುತ್ತದೆ. ಬಲೆಯಲ್ಲೋ, ಐಸಿನಲ್ಲೋ, ಅವಳ ಸೂಜಿಯ ಮೊನೆಗೆ ಸಿಕ್ಕಿಯೋ ಆ ನೂಲು ಹೊತ್ತಿಗೆ ಮೊದಲೇ ಹರಿದಿತ್ತು. ಹರಿದಲ್ಲಿ ಉಳಿದ ಗಾಯವನ್ನು ಅವಳು ಜಾತಿಯ ಲಕ್ಷಣವೆಂದು ಬರೆದಿದ್ದಳು. ಹೊಸದಾಗಿ ಕೆಲಸ ಕಲಿಯುವವರಿಗೂ ಹೇಳಿಕೊಡುವ ಪಾಠ ಅದು, ಹಣೆ ನೋಡಿಕೊಳ್ಳಿ, ನೂಲಿನ ಗಾಯವಿದ್ದರೆ ಮರಿ ಎಂದು. ಅವಳೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದಳು. ಆ ವರ್ಷ ಅವಳ ಕಣ್ಣಿಗೆ ಅದು ಮರಿಯಾಗಿ ಕಾಣಲಿಲ್ಲ. ಅದು ಅಷ್ಟೇ, ಅದರ ಬೆಳವಣಿಗೆ ಮುಗಿದಿದೆ ಎಂದೇ ಕಂಡಿತ್ತು.

ಒಂದು ಜೀವಕ್ಕೆ ಒಂದೇ ಹೆಸರು, ಅದೂ ಮೊದಲು ಇಟ್ಟದ್ದು. ಆಮೇಲಿನದನ್ನು ಮುಳುಗಿಸುವುದು ಎನ್ನುತ್ತಾರೆ ಆ ಕಸುಬಿನಲ್ಲಿ. ಕಡಲಿಗೆ ಹೋಗುವವರ ಮನೆಯಲ್ಲಿ ಯಾರೂ ಬಾಯಲ್ಲಿ ತರದ ಮಾತು. ಮುಳುಗಿದ ಹೆಸರನ್ನು ಹಳೆಯ ಹೆಸರಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಇದೂ ಅದೇ ಎಂದು ಬರೆದು ಬಿಡುತ್ತಾರೆ. ಮತ್ತೆ ಯಾರೂ ಅದನ್ನು ಕರೆಯುವುದಿಲ್ಲ.

ತಸ್ನೀಮ್ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು. ನಂದನಿ ಎಂದರೆ ಯಾರೆಂದು ಅವಳಿಗೂ ಗೊತ್ತಿತ್ತು.

"ವಾರಿಜಕ್ಕ, ಇದನ್ನು ಇನ್ಯಾರು ನೋಡ್ತಾರೆ? ತಾಟೆಯೇ ಇಲ್ಲ. ಈ ಸೀಸೆ ಬಿಟ್ರೆ ಲೋಕದಲ್ಲಿ ಇನ್ನೊಂದು ಸೀಸೆ ಇಲ್ಲ. ಚೂರು ಕೆಟ್ಟಿತ್ತು, ಕನ್ನಡಿ ಓದಲಿಲ್ಲ ಅಂತ ನಾನು ಬರೀತೇನೆ. ಇದ್ದ ಹಾಗೆ ಇರಲಿ ಬಿಡಿ."

ವಾರಿಜ ಪರದೆಯನ್ನೇ ನೋಡುತ್ತಿದ್ದಳು. ಎರಡು ದಾರಗಳೂ ನಿಧಾನಕ್ಕೆ ತೂಗುತ್ತಿದ್ದವು. ಆ ತಾಟೆ ಬಲೆಗೆ ಬೀಳದಿದ್ದರೆ, ಮಂಜುಗಡ್ಡೆಯ ಮೇಲೆ ಸಾಯದಿದ್ದರೆ, ಅದರ ಕಿವಿರಿನಲ್ಲಿ ನೇತಾಡುತ್ತಿದ್ದ ಈ ಮರಿ ಇಷ್ಟಾಗಬೇಕಿತ್ತು. ಅವಳು ಹೇಳಿದ್ದು ಇಷ್ಟೇ.

"ಮಗು ಅದು, ತಸ್ನೀಮ್. ಮಗುವನ್ನು ಹಿಡಿದು ಇಷ್ಟೇ ಇದು ಅಂತ ಬರೆದಿಟ್ಟುಬಿಟ್ಟೆ."

ತಸ್ನೀಮ್ ಕೈ ಹಿಡಿದುಕೊಂಡಳು. ಒಂದು ವಾರ ತಡೆಯಿರಿ ಎಂದಳು. ವಾರಿಜ ತಡೆದಳು ಕೂಡ. ಬೇರೆ ಸೀಸೆಗಳನ್ನೆಲ್ಲ ಮುಗಿಸಿದಳು. ಮನೆಗೆ ಹೋದರೆ ದೇವರ ಪಟದ ಕಡೆ ನೋಡದೆ ದೀಪ ಹಚ್ಚಿದಳು. ಸುಮ್ಮನಿದ್ದುಬಿಡುವುದು ಸುಲಭವಿತ್ತು. ಯಾರಿಗೂ ನಷ್ಟವಿರಲಿಲ್ಲ. ತಾಟೆಯ ಚಿಂತೆಯೇ ಯಾರಿಗೂ ಇಲ್ಲ, ಹೇನಿನ ಹೆಸರಿನದೇನು? ಆದರೆ ಕಣ್ಣು ಮುಚ್ಚಿದರೆ ಬಿರಿಯುವ ಬೆನ್ನು ಕಾಣುತ್ತಿತ್ತು. ಒಳಗಿನಿಂದ ಬರಬೇಕಾದ್ದು ಬರುತ್ತಲೇ ಇತ್ತು, ಅವಳು ಬೇಡವೆಂದರೆ ಅದು ನಿಲ್ಲುತ್ತಿರಲಿಲ್ಲ.

ಕಡೆಗೆ ಅವಳೇ ಕೂತು ಬರೆದಳು. ತಾನು ಬೆಳೆದ ಹೇನೆಂದು ತಿಳಿದದ್ದು ಮರಿ, ಹಣೆಯ ಗುರುತು ಹರಿದ ನೂಲಿನದು, ನಂದನಿ ಎಂಬ ಜಾತಿ ಇಲ್ಲ. ಬರೆದಾದಮೇಲೆ ಎದ್ದು ನಿಂತಳು, ಮತ್ತೆ ಕೂತಳು. ತಸ್ನೀಮ್ ಚಾ ತಂದು ಕೈಗೆ ಕೊಟ್ಟಳು. ಆರಿಹೋಗುವವರೆಗೆ ವಾರಿಜ ಅದನ್ನು ಹಿಡಿದುಕೊಂಡೇ ಇದ್ದಳು.

ಆ ಸಂಜೆ ಮನೆಗೆ ಬಂದು ಗಂಡನಿಗೆ ಪುಸ್ತಕದಲ್ಲಿಯೂ ಇಲ್ಲ ಅವ ಇನ್ನು ಎಂದಳು. ಏನು ಎತ್ತ ಎಂದು ನಿಧಾನವಾಗಿ ಹೇಳಿದಳು. ಸುರೇಂದ್ರ ಹೇನಿನ ವಿಷಯ ಅರ್ಧ ಅರ್ಥಮಾಡಿಕೊಂಡ, ಹೆಂಡತಿಯ ವಿಷಯ ಪೂರ್ತಿ ಅರ್ಥಮಾಡಿಕೊಂಡ. ಅವಳು ಗೋದ್ರೆಜ್ ಬೀರುವಿನ ಒಳಗಿನಿಂದ ಮಗುವಿನ ಉಡಿದಾರದ ಬೆಳ್ಳಿ ತಾಯಿತ ತೆಗೆದು ತಂದು ಅವನ ಅಂಗೈಯಲ್ಲಿಟ್ಟಳು. ಒಣಗಿದ ಹೊಕ್ಕುಳಬಳ್ಳಿ ಅದರಲ್ಲಿತ್ತು.

"ನಾಳಿಗ್ ಪ್ಯಾಟಿಗೆ ಹೋಪ," ಎಂದಳು.

ಪೇಟೆಯ ಅಂಗಡಿಯಲ್ಲಿ ಬೆಂಚಿನ ಮೇಲೆ ಜನ ಸಾಲಾಗಿ ಕೂತಿದ್ದರು. ಆಸ್ಪತ್ರೆಯಲ್ಲಿ ಕೂತ ಹಾಗೆ, ಒಬ್ಬರು ಇನ್ನೊಬ್ಬರ ಕೈಯ ಪೊಟ್ಟಣ ನೋಡದ ಹಾಗೆ. ಗೋಡೆಯ ತುಂಬ ಪಟಗಳು. ವಾರಿಜಳ ಕಸುಬಿನ ಕಣ್ಣಿಗೆ ಒಂದು ಕಂಡಿತು. ಎಲ್ಲ ಮುಖಗಳೂ ಬಲು ಚೊಕ್ಕ. ಬಿಸಿಲು ಬಡಿದ ಕಪ್ಪಿಲ್ಲ, ಬಿದ್ದು ಎದ್ದ ಕಲೆಯಿಲ್ಲ, ಹುಬ್ಬಿನ ನಡುವೆ ಚಿಂತೆಯ ಗೀರಿಲ್ಲ. ಕನ್ನಡಿಗೆ ಒಳಗಿನ ಅಪ್ಪಣೆ ಮಾತ್ರ ಗೊತ್ತು, ಹೊರಗಿನ ಗಾಳಿ ಗೊತ್ತಿಲ್ಲ. ಏನೂ ಆಗದವರ ಮುಖಗಳು ಅವು.

ಅವರ ಸರದಿ ಬಂತು. ಅಂಗಡಿಯವನು ಎಷ್ಟು ವರ್ಷದ್ದು ಬೇಕೆಂದ. ಸುರೇಂದ್ರ ಹೇಳಿದ. ನಡುವಿನ ವಯಸ್ಸಿನವೂ ಬೇಕೋ, ಎಲ್ಲ ಸೇರಿ ತೆಗೆದರೆ ಆಲ್ಬಮ್ ಮಾಡಿಕೊಡುತ್ತೇನೆ ಎಂದ. ಬೇಡ ಎಂದಳು ವಾರಿಜ.

ಪರದೆಯ ಮೇಲೆ ಒಬ್ಬ ಆಳು ಬಂದ. ಅಗಲ ಹೆಗಲು, ದಟ್ಟ ಹುಬ್ಬು, ಮೇಲ್ದುಟಿಯ ಮೇಲೆ ಮೀಸೆ. ಸುರೇಂದ್ರ ಮುಂದಕ್ಕೆ ಬಾಗಿ, ಕಿವಿಯತ್ತ ಬೆರಳು ಮಾಡಿ, ಅಪ್ಪಯ್ಯನ ಕೆಮಿ ಎಂದ, ಅದೇ ಅಪ್ಪಯ್ಯನ ಕೆಮಿ ಎಂದು ಮತ್ತೊಮ್ಮೆ ಎಂದ. ವಾರಿಜ ನೋಡಿದಳು. ಜನ್ಮವಿಡೀ ಸಣ್ಣ ಸಣ್ಣ ಗುರುತು ಹಿಡಿದು ಇದು ಇಂಥದು ಎಂದು ಹೇಳಿದವಳು, ಆ ಮುಖದಲ್ಲಿ ಹಣೆಯಿಂದ ಗಲ್ಲದವರೆಗೆ ಹುಡುಕಿದಳು. ತನ್ನ ನಂದನನದು ಎನ್ನುವ ಒಂದು ಗುರುತೂ ಸಿಗಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಪರಗಂಡಸರ ಎದುರು ಎಂಬಂತೆ ಕೈ ತಾನಾಗಿ ಹೋಗಿ ಸೆರಗು ಸರಿಮಾಡಿಕೊಂಡಿತು. ಅದು ಗೊತ್ತಾದಾಗ ಅವಳು ಅತ್ತಳು. ಮಗ ಹೋದ ಮೇಲೆ ಗಂಡನ ಎದುರಿಗೆ ಅವಳು ಅತ್ತದ್ದು ಅದೇ ಮೊದಲು. ಅಂಗಡಿಯವನು ಅಭ್ಯಾಸವಿದ್ದವನಂತೆ ಹೊರಗೆ ಹೋಗಿ ನಿಂತ.

ಮದುವೆ ಮಾಡಿದರು. ತ್ರಾಸಿಯವರು ಒಳ್ಳೆಯ ಜನ. ಅವರ ತಾಯಿ ಕನಕಳ ಪಟವನ್ನು ಸೆರಗಿನಲ್ಲಿ ಸುತ್ತಿ, ಗಾಳಿ ತಾಗದ ಹಾಗೆ ಎದೆಗೆ ಹಿಡಿದುಕೊಂಡು ಬಂದಳು. ಎರಡು ಮಣೆ, ಪಂಚೆ, ಸೀರೆ, ಕರಿಮಣಿ. ಧಾರೆ ಎರೆಯುವಾಗ ಗಿರಿಜೆ, ನಮ್ಮ ಗಂಡು ಸ್ವಲ್ಪ ಗಿಡ್ಡವಾಯಿತು, ಹೆಣ್ಣು ತಗ್ಗಬೇಕು ಎಂದು ಬದುಕಿದವರ ಮದುವೆಯಲ್ಲಿ ಹೇಳುವಂತೆಯೇ ಹೇಳಿದಳು. ಇಬ್ಬರು ತಾಯಂದಿರೂ ಸಣ್ಣಗೆ ನಕ್ಕರು. ತಸ್ನೀಮ್ ಹೊರಗೆ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದಳು.

ಆಮೇಲೆ ಮದುಮಕ್ಕಳಿಗೆ ಊಟ. ನಡುಕೋಣೆಯಲ್ಲಿ ಎರಡು ಬಾಳೆಎಲೆ ಹಾಕಿ, ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು. ವರ್ಷವರ್ಷವೂ ನಂದನನ ಎಡೆಗೆ ವಾರಿಜ ಇಡುತ್ತಿದ್ದದ್ದು ಒಂದೇ, ಹಾಲು ಹಾಕಿ ಕಿವುಚಿದ ಅನ್ನ, ಚೂರು ಬೆಲ್ಲ. ಅವನು ಖಾರ ಮುಟ್ಟುತ್ತಿರಲಿಲ್ಲ. ಮೀನಿನ ಸಾರು ಅದ್ದಿದ ತುದಿಬೆರಳು ನಾಲಗೆಗೆ ತಾಗಿದರೆ ಸಾಕು, ಮನೆ ಹಾರಿಹೋಗುವಂತೆ ನೀರು ನೀರು ಎಂದು ಕೂಗುತ್ತಿದ್ದ. ಗಿರಿಜೆ ಇದನ್ನು ಬಲ್ಲವಳು. ಒಂದು ಕೈಯಲ್ಲಿ ಹಾಲಿನ ಚೆಂಬು, ಒಂದು ಕೈಯಲ್ಲಿ ಅಂಜಲು ಮೀನಿನ ಕೆಂಪು ಸಾರಿನ ಪಾತ್ರೆ ಹಿಡಿದು, ಯಾವುದೆಂದು ಕೇಳದೆ ನಿಂತಳು.

ವಾರಿಜ ಸಾರಿನ ಪಾತ್ರೆಗೆ ಕೈ ಚಾಚಿದಳು. ಬೋಟಿನಿಂದ ಇಳಿದ ಗಂಡಸಿಗೆ ಬಡಿಸುವಷ್ಟು ಅನ್ನ ಹಾಕಿ, ನಡುವೆ ಗುಳಿ ಮಾಡಿ, ತುಂಬ ಸಾರು ಬಿಟ್ಟಳು. ಮೀನಿನ ನಡುತುಂಡನ್ನು ಮೇಲಿಟ್ಟಳು. ಆಮೇಲೆ ಹೊರಗೆ ಬಂದು ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಜಗಲಿಯಲ್ಲಿ ಎಲ್ಲರೂ ಕಾದು ಕೂತಿದ್ದರು. ಕಡಲು ಕೇಳಿಸುತ್ತಿತ್ತು. ವಾರಿಜ ತನಗರಿವಿಲ್ಲದೆಯೇ ಕಿವಿಯನ್ನು ಬಾಗಿಲಿಗೆ ಕೊಟ್ಟಿದ್ದಳು. ಎಷ್ಟು ಹೊತ್ತು ಕೂತರೂ ಒಳಗಿನಿಂದ ನೀರು ಕೇಳುವ ದನಿ ಬರಲಿಲ್ಲ.